ಶುಲ್ಕದ ಶಾಲೆ, ಊಟದ ಶಾಲೆ

ಪ್ರಶ್ನೆ: ನಮ್ಮ ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ ಮೂರೂ ಕಡೆ ಸಂತರ ಹೆಸರಿನ ಇಂಗ್ಲಿಷ್ ಮಾಧ್ಯಮದ ಶಾಲೆಗಳಿವೆ. ಅಲ್ಲಿ ನೋಡಿದರೆ ಬರೀ ವ್ಯಾಪಾರಸ್ಥರ, ನೌಕರದಾರರ ಮಕ್ಕಳು. ಆದರೆ ಮಿಷನ್ ಶಾಲೆಗಳು ಹುಟ್ಟಿದ್ದೇ ಕಡುಬಡವರ ಮಕ್ಕಳಿಗಾಗಿ ಎಂದು ಹಿರಿಯರು ಹೇಳುತ್ತಿದ್ದರು. ಯಾವುದು ನಿಜ? ಅಲ್ಲಿ ಕಲಿತರೆ ಮತ ಬಿಡಬೇಕಾಗುತ್ತದೆ ಎಂಬ ಮಾತಿನಲ್ಲಿ ಹುರುಳಿದೆಯೇ? ನಮ್ಮ ಹೊಲಕ್ಕೆ ಕೂಲಿಗೆ ಬರುವ ಹೆಣ್ಣುಮಗಳೊಬ್ಬಳ ಮಗಳು ಈಗ ಐದನೇ ಇಯತ್ತೆ. ಚುರುಕಾಗಿದ್ದಾಳೆ. ಅವಳಿಗೆ ಇಂಥ ಶಾಲೆ ಸಿಗಬಹುದೇ?
— ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ನೀವು ಕಂಡದ್ದೂ ನಿಜ, ಹಿರಿಯರು ಹೇಳಿದ್ದೂ ನಿಜ. ಮಿಷನ್ ಶಾಲೆ ಎಂಬ ಒಂದೇ ಹೆಸರಿನಲ್ಲಿ ಮೊದಲಿನಿಂದಲೂ ಎರಡು ಬಗೆಯ ಸಂಸ್ಥೆಗಳು ನಡೆದುಬಂದಿವೆ. ಫೀ ಕಟ್ಟಬಲ್ಲವರ ಮಕ್ಕಳು ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವ ಶಾಲೆ ಒಂದು. ಮನೆಯಲ್ಲಿ ಒಲೆಯೇ ಹೊತ್ತದ ಮಕ್ಕಳನ್ನು ಕರೆದು ಇಟ್ಟುಕೊಂಡು, ಉಣ್ಣಿಸಿ, ಬಟ್ಟೆ ಕೊಟ್ಟು, ಅದರ ಜೊತೆಗೆ ಅಕ್ಷರವನ್ನೂ ಕಲಿಸಿದ ಬೋರ್ಡಿಂಗು ಇನ್ನೊಂದು. ಕಡುಬಡವರು ಬಂದದ್ದು ಈ ಎರಡನೆಯದಕ್ಕೆ. ನಿಮ್ಮ ಮೂರೂ ಊರುಗಳಲ್ಲಿ ಈಗ ನಿಮ್ಮ ಕಣ್ಣಿಗೆ ಬೀಳುತ್ತಿರುವುದು ಮೊದಲನೆಯದು.

ನಿಮ್ಮ ಸೀಮೆಗೆ ಮಿಷನ್ ಹಾದುಬಂದ ದಾರಿಯೂ ಸ್ವಲ್ಪ ಬೇರೆಯೇ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಘಟ್ಟ ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡದಲ್ಲಿ ನೆಲೆ ಮಾಡಿದರು. ಅವರ ಮುಖ್ಯ ಠಾಣೆಗಳ ಈ ಪಟ್ಟಿಯಲ್ಲಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಇಲ್ಲ. ತುಂಗಭದ್ರೆ ದಾಟಿದರೆ ಹರಿಹರ. ಅದು ಮೈಸೂರು ಸಂಸ್ಥಾನ, ಅಲ್ಲಿ ವೆಸ್ಲಿಯನ್ ಮಿಷನ್‌ನವರದು ಕಾರುಬಾರು. ನಿಮ್ಮ ತಾಲ್ಲೂಕುಗಳು ಎರಡಕ್ಕೂ ಅಂಚಿನಲ್ಲಿ ಉಳಿದವು. 1997ರ ಆಗಸ್ಟ್ 24ರವರೆಗೆ ನೀವೆಲ್ಲ ಧಾರವಾಡ ಜಿಲ್ಲೆಯವರೇ ಆಗಿದ್ದರಿಂದ ಧಾರವಾಡದ ಕಥೆಯೇ ನಿಮ್ಮ ಕಥೆಯೂ ಹೌದು. ಆದರೆ ನಿಮ್ಮ ಅಜ್ಜ, ಮುತ್ತಜ್ಜ ಅಕ್ಷರ ಕಲಿತಿದ್ದರೆ ಬಹುಮಟ್ಟಿಗೆ ಅದು ಸರಕಾರಿ ಕನ್ನಡ ಸಾಲಿಯಲ್ಲಿ. ಅದರ ಋಣ ಹೆಚ್ಚಾಗಿ ಸಲ್ಲಬೇಕಾದದ್ದು ಕನ್ನಡ ಸಾಲಿಗಳಿಗಾಗಿ ದುಡಿದ ಶಿಕ್ಷಣಾಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರಂಥವರಿಗೆ.

ಹಾಗಾದರೆ ಕಡುಬಡವರ ಮಕ್ಕಳಿಗೆ ಆ ಸರಕಾರಿ ಸಾಲಿಯ ಬಾಗಿಲು ತೆರೆದಿತ್ತೇ? ಇಲ್ಲೊಂದು ಪ್ರಸಂಗ ಹೇಳಲೇಬೇಕು. ಇಡೀ ಹಿಂದುಸ್ಥಾನದ ಶಿಕ್ಷಣದ ಚರಿತ್ರೆಯಲ್ಲಿ ಧಾರವಾಡದ ಹೆಸರು ಬರುವುದು ಇದರಿಂದ, ಆದರೆ ಧಾರವಾಡದವರು ಇದನ್ನು ನೆನೆಯುವುದು ಕಡಿಮೆ. 1856ರ ಜೂನ್ ತಿಂಗಳಲ್ಲಿ ಮಹಾರ್ ಸಮುದಾಯದ ಒಬ್ಬ ಹುಡುಗ ಧಾರವಾಡದ ಸರಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಕೇಳಿದ. ಆಗುವುದಿಲ್ಲ ಎಂದರು. ಹುಡುಗ ಸುಮ್ಮನಾಗದೆ ಮುಂಬಯಿ ಸರಕಾರಕ್ಕೆ ಅರ್ಜಿ ಹಾಕಿದ. ಜುಲೈ 21ರಂದು ಬಂದ ಸರಕಾರದ ತೀರ್ಮಾನದ ತಾತ್ಪರ್ಯ ಇಷ್ಟು: ನ್ಯಾಯ ಹುಡುಗನ ಕಡೆಗಿದೆ, ಆದರೆ ಒಬ್ಬನನ್ನು ಸೇರಿಸಿಕೊಂಡರೆ ಮಿಕ್ಕವರೆಲ್ಲ ಎದ್ದು ಹೋಗಿ ಶಾಲೆಯೇ ನಿಂತುಹೋದೀತು. ಪ್ರಕರಣ ಕಲಕತ್ತೆಗೆ ಹೋಯಿತು, ಅಲ್ಲಿಂದ ಲಂಡನ್ನಿಗೆ ಹೋಯಿತು. 1858ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಮಂಡಲಿ ಸರಕಾರಿ ಶಾಲೆಗಳು ಎಲ್ಲ ಜಾತಿಯವರಿಗೂ ತೆರೆದಿರಬೇಕೆಂದು ಹೇಳಿತು. ಎರಡು ವರ್ಷ ಕಾಗದಗಳು ಸಮುದ್ರ ದಾಟಿ ಹೋಗಿಬರುವ ಹೊತ್ತಿಗೆ ಆ ಹುಡುಗನ ಕಲಿಯುವ ವಯಸ್ಸು ಏನಾಗಿತ್ತೋ! ಡಾ. ಅಂಬೇಡ್ಕರ್ 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಈ ಪ್ರಕರಣವನ್ನು ಎತ್ತಿ ಹಿಡಿದರು. ಮಿಷನ್ ಶಾಲೆಗಳಿಗೆ ಬಡವರು, ಅದರಲ್ಲೂ ಊರ ಹೊರಗಿನ ಕೇರಿಯವರು ಯಾಕೆ ಹೋದರು ಎಂದು ಕೇಳುವವರು ಮೊದಲು ಈ ಬಾಗಿಲಿನ ಮುಂದೆ ನಿಂತು ಕೇಳಬೇಕು.

ಹಾಗೆಂದು ಮಿಷನ್‌ನವರು ಬರೀ ದೀನರನ್ನೇ ಹುಡುಕಿಕೊಂಡು ಬಂದರು ಎಂದುಕೊಳ್ಳಬೇಡಿ. ಅವರ ಪಟ್ಟಣದ ಇಂಗ್ಲಿಷ್ ಶಾಲೆಗಳ ಕಣ್ಣಿದ್ದದ್ದು ಮೇಲಿನ ಜಾತಿಯವರ ಮೇಲೆ. ಅವರು ಒಲಿದರೆ ಊರೇ ಒಲಿದೀತು ಎಂಬ ಎಣಿಕೆ. ಎಣಿಕೆ ಫಲಿಸಲಿಲ್ಲ. 1844ರ ಜನವರಿಯಲ್ಲಿ ಮಂಗಳೂರಿನ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯ ಮತ್ತು ಇನ್ನಿಬ್ಬರು ಸಾರಸ್ವತ ತರುಣರು ಕ್ರೈಸ್ತರಾದಾಗ ಊರು ಅಲ್ಲೋಲಕಲ್ಲೋಲವಾಗಿ, ಮನೆಯವರು ಮಕ್ಕಳನ್ನು ಶಾಲೆ ಬಿಡಿಸಿಕೊಂಡು ಹೋದರು. ಆಮೇಲೆ ನಿಧಾನವಾಗಿ ಒಂದು ಒಡಂಬಡಿಕೆ ಏರ್ಪಟ್ಟಿತು. ಯಾರೂ ಬರೆದು ಸಹಿ ಹಾಕಿದ್ದಲ್ಲ. ನಾವು ಬೈಬಲ್ ಪಾಠ ಹೇಳುತ್ತೇವೆ, ನೀವು ಕೇಳುತ್ತೀರಿ. ಪರೀಕ್ಷೆ ಪಾಸಾಗುತ್ತೀರಿ, ನೌಕರಿ ಹಿಡಿಯುತ್ತೀರಿ. ನೀವು ನೀವಾಗಿಯೇ ಉಳಿಯುತ್ತೀರಿ. ಧಾರವಾಡದ ಬಾಸೆಲ್ ಮಿಷನ್ ಹೈಸ್ಕೂಲು ಈ ಒಡಂಬಡಿಕೆಯ ಮೇಲೆಯೇ ತಲೆಮಾರುಗಳನ್ನು ದಾಟಿತು. ಗಿರೀಶ ಕಾರ್ನಾಡರು ಓದಿದ್ದು ಅಲ್ಲಿ. ಅವರ ತಂದೆ ವೈದ್ಯರು. ಆ ಶಾಲೆಗೆ ಬರುತ್ತಿದ್ದ ಮನೆತನಗಳ ಅಂದಾಜು ಇದರಿಂದಲೇ ಆಗುತ್ತದೆ. ನಿಮ್ಮೂರಿನ ಕಾನ್ವೆಂಟ್ ಶಾಲೆಗಳು ಈ ವಂಶದ ಕಿರಿಯ ಕುಡಿಗಳು.

ಇನ್ನೊಂದು ಬಗೆಯ ಶಾಲೆ ಹುಟ್ಟಿದ್ದು ಬರದಿಂದ.

1876ರಿಂದ 78ರವರೆಗಿನ ಬರವನ್ನು ಹಳೇ ಮೈಸೂರಿನವರು ಧಾತು, ಈಶ್ವರ ಸಂವತ್ಸರಗಳ ಹೆಸರಿನಿಂದ ನೆನೆಯುತ್ತಾರೆ. ಧಾರವಾಡ ಜಿಲ್ಲೆಯ ಜನಸಂಖ್ಯೆ 1872ರ ಮತ್ತು 1881ರ ಎರಡು ಜನಗಣತಿಗಳ ನಡುವೆ ಸುಮಾರು ಒಂದು ಲಕ್ಷ ಇಳಿಯಿತು. ಸತ್ತವರೆಷ್ಟು, ಗುಳೆ ಹೋದವರೆಷ್ಟು ಎಂದು ಬಿಡಿಸಿ ಹೇಳಲು ಬರುವುದಿಲ್ಲ. ತಂದೆತಾಯಿ ದಾರಿಯಲ್ಲೇ ಬಿದ್ದು, ಬದುಕುಳಿದ ಮಕ್ಕಳನ್ನು ಗಂಜಿಕೇಂದ್ರಗಳಿಂದ ಯಾರಾದರೂ ಎತ್ತಿಕೊಂಡು ಹೋಗಬೇಕಿತ್ತು. ನೆಂಟರ ಮನೆಯಲ್ಲೂ ಕಾಳಿಲ್ಲ. ಜಾತಿಯವರು ಕೈಚೆಲ್ಲಿದರು. ಆಗ ದಕ್ಷಿಣದ ಬಹುತೇಕ ಎಲ್ಲ ಮಿಷನ್‌ಗಳೂ ತಬ್ಬಲಿ ಮಕ್ಕಳನ್ನು ತೆಗೆದುಕೊಂಡವು. ನಿಮ್ಮ ನದಿಯಾಚೆಯ ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್‌ನವರು ಗಂಡುಮಕ್ಕಳನ್ನು ತುಮಕೂರಿನಲ್ಲೂ ಹೆಣ್ಣುಮಕ್ಕಳನ್ನು ಹಾಸನದಲ್ಲೂ ಇಟ್ಟು ಸಾಕಿದರು. ಬೆಂಗಳೂರಿನ ಸುತ್ತ ಕ್ಯಾಥೊಲಿಕರು ಬರದ ಮಕ್ಕಳಿಗಾಗಿ ಹಳ್ಳಿಗಳನ್ನೇ ಕಟ್ಟಿದರು, ಸಿಲುವೆಪುರ ಅಂಥದೊಂದು.

ಈ ಮಕ್ಕಳು ಕ್ರೈಸ್ತರಾಗಿಯೇ ಬೆಳೆದರು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಮಿಷನ್‌ನವರೇ ಮುಚ್ಚಿಟ್ಟಿರಲಿಲ್ಲ. ಐದಾರು ವರ್ಷದ ತಬ್ಬಲಿಯನ್ನು ಮತಾಂತರಿಸಿದರು ಎನ್ನಬೇಕೋ, ಸಾಕಿದವರ ಮನೆಯ ನಂಬಿಕೆ ಮಗುವಿಗೂ ಬಂತು ಎನ್ನಬೇಕೋ? ನನ್ನನ್ನು ಕೇಳಿದರೆ, ಎರಡನೆಯ ಮಾತಿಗೆ ಹೆಚ್ಚು ತೂಕವಿದೆ. ಆದರೆ ಆ ಮಗು ತನ್ನ ಕೇರಿಗೆ, ತನ್ನ ದೇವರಿಗೆ, ತನ್ನ ನೆಂಟರಿಗೆ ಮತ್ತೆ ಸಿಗಲಿಲ್ಲ ಎಂಬುದೂ ನಷ್ಟವೇ. ಅದಕ್ಕೊಂದು ಸಮಾಧಾನ ಹೇಳಿ ಮುಗಿಸಲು ನನ್ನಿಂದಾಗದು.

ಸಾಕಿದ ಮೇಲೆ ದುಡಿಯಲು ಏನಾದರೂ ಕಲಿಸಬೇಕಲ್ಲ. ಬಾಸೆಲ್ ಮಿಷನ್‌ನವರು ಈ ವಿಷಯದಲ್ಲಿ ಬಲು ವ್ಯವಹಾರಸ್ಥರು. ಮಂಗಳೂರಿನಲ್ಲಿ 1844ರಲ್ಲೇ ನೇಯ್ಗೆ ಹಾಕಿದ್ದರು. 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು. ಜಾತಿಯಿಂದ ಹೊರಬಿದ್ದವನಿಗೆ ಊರಲ್ಲಿ ಯಾರೂ ಕೆಲಸ ಕೊಡುತ್ತಿರಲಿಲ್ಲ, ಅದಕ್ಕಾಗಿ ಕಾರ್ಖಾನೆ. ಕಿಟ್ಟೆಲ್ ನಿಘಂಟು, ಮೋಗ್ಲಿಂಗ್ ಪತ್ರಿಕೆ ಎಂದು ನಾವು ಸಾಹಿತ್ಯದವರು ವರ್ಷಕ್ಕೊಮ್ಮೆ ಮಾಲೆ ಹಾಕುತ್ತೇವೆ. ಮಗ್ಗವನ್ನೂ ಹೆಂಚನ್ನೂ ಯಾರೂ ನೆನೆಯುವುದಿಲ್ಲ. ಬಡವರ ಮನೆ ಎದ್ದದ್ದು ಅವುಗಳಿಂದ.

ಮೊದಲ ಮಹಾಯುದ್ಧದಲ್ಲಿ ಜರ್ಮನ್ ಪಾದ್ರಿಗಳನ್ನು ಬ್ರಿಟಿಷರು ಬಂಧನದಲ್ಲಿಟ್ಟರು, ಕಾರ್ಖಾನೆಗಳು ಕೈಬಿಟ್ಟವು. 1947ರಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ರಚನೆಯಾಯಿತು. ಬೋರ್ಡಿಂಗುಗಳು ಉಳಿದವು, ಖರ್ಚು ಯಾರು ಕೊಡಬೇಕು ಎಂಬ ಪ್ರಶ್ನೆಯೂ ಉಳಿಯಿತು. ಉತ್ತರವಾಗಿ ಬಂದದ್ದು ಮಕ್ಕಳ ಪ್ರಾಯೋಜಕತ್ವ. ಪರದೇಶದ ಒಂದು ಕುಟುಂಬ, ಇಲ್ಲಿನ ಒಂದು ಮಗು. ಜರ್ಮನಿಯ ಡೂಯಿಸ್‌ಬರ್ಗಿನಲ್ಲಿ 1959ರಲ್ಲಿ ಹುಟ್ಟಿದ ಕಿಂಡರ್‌ನೋಟ್‌ಹಿಲ್ಫೆ ಎಂಬ ಸಂಸ್ಥೆ ಶುರುವಾದದ್ದೇ ಭಾರತದ ಕೆಲವು ಮಕ್ಕಳಿಗೆ ನೆರವು ಕೊಡುವುದರಿಂದ. ಮಗುವಿನ ಒಂದು ಫೋಟೊ, ಕೆಳಗೊಂದು ನಂಬರು. ವರ್ಷಕ್ಕೆ ಒಂದೆರಡು ಸಲ ಮಗು ಕಾಗದ ಬರೆಯಬೇಕು: ನಾನು ಚೆನ್ನಾಗಿದ್ದೇನೆ, ನಮ್ಮಲ್ಲಿ ಮಳೆ ಬಂದಿದೆ, ನಮ್ಮ ಮನೆಯಲ್ಲಿ ಒಂದು ಆಕಳು ಇದೆ. ಪಕ್ಕದಲ್ಲಿ ಬಣ್ಣದ ಪೆನ್ಸಿಲಿನ ಒಂದು ದಾಸವಾಳ. ವಾರ್ಡನ್ ಅದನ್ನು ಇಂಗ್ಲಿಷಿಗೆ ತಿರುಗಿಸಿ ಕಳಿಸುತ್ತಾರೆ. ಹಾಸ್ಟೆಲಿನ ಅಕ್ಕಿ, ಸೀಮೆಎಣ್ಣೆ, ಅಡುಗೆಯವಳ ಪಗಾರ ಎಲ್ಲ ಆ ದಾಸವಾಳದ ಮೇಲೆ ನಿಂತಿರುತ್ತಿತ್ತು.

ಈ ವ್ಯವಸ್ಥೆಯ ಗುಣವೂ ದೋಷವೂ ಒಂದೇ: ಹಣ ಹೊರಗಿನಿಂದ ಬರುತ್ತದೆ. ಬಂದಷ್ಟು ದಿನ ಮಗುವಿನಿಂದ ಏನೂ ಕೇಳಬೇಕಿಲ್ಲ. ನಿಂತರೆ ಒಂದೇ ಸಲಕ್ಕೆ ನಿಲ್ಲುತ್ತದೆ. ಅಮೆರಿಕದ ಕಂಪ್ಯಾಶನ್ ಇಂಟರ್‌ನ್ಯಾಷನಲ್ ಭಾರತದ ಒಂದು ಲಕ್ಷದ ನಲವತ್ತು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಸ್ಥಳೀಯ ಚರ್ಚುಗಳ ಮೂಲಕ ನೆರವು ಕೊಡುತ್ತಿತ್ತು. ಪ್ರಾಯೋಜಕರು ಕಟ್ಟುತ್ತಿದ್ದದ್ದು ಮಗುವೊಂದಕ್ಕೆ ತಿಂಗಳಿಗೆ 38 ಡಾಲರ್. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ಹಣ ಕಳಿಸಲು ಸರಕಾರದ ಅನುಮತಿ ಸಿಗದೆ 2017ರ ಮಾರ್ಚ್‌ನಲ್ಲಿ ಅದು ಇಲ್ಲಿಂದ ಕಾಲ್ತೆಗೆಯಿತು. ಮತಾಂತರಕ್ಕೆ ಹಣ ಬಳಕೆಯಾಗುತ್ತಿದೆ ಎಂಬುದು ಸರಕಾರದ ಕಡೆಯ ಆಕ್ಷೇಪ. ಇಲ್ಲ ಎಂಬುದು ಸಂಸ್ಥೆಯ ಉತ್ತರ. 2020ರ ತಿದ್ದುಪಡಿ ನಿಯಮಗಳನ್ನು ಇನ್ನೂ ಬಿಗಿ ಮಾಡಿತು. 2024ರಲ್ಲಿ ಇಂಥದೇ ಇನ್ನೊಂದು ಸಂಸ್ಥೆ ವರ್ಲ್ಡ್ ವಿಷನ್ ಇಂಡಿಯಾಕ್ಕೆ ಆ ಕಾಯ್ದೆಯಡಿ ಇದ್ದ ನೋಂದಣಿಯೂ ರದ್ದಾಯಿತು. ವಾದ ಯಾರದು ಸರಿಯಾಗಿದ್ದರೂ ಆಗುವುದು ಇಷ್ಟೇ: ಪರದೇಶದ ದುಡ್ಡು ನಿಂತ ಸಂಸ್ಥೆ ಬದುಕಬೇಕಾದರೆ ಫೀ ತೆಗೆದುಕೊಳ್ಳಬೇಕು. ಫೀ ತೆಗೆದುಕೊಂಡರೆ ಕೂಲಿಯವರ ಮಗು ಬರುವುದಿಲ್ಲ. ಊಟದ ಶಾಲೆಗಳು ಕರಗಿ ಶುಲ್ಕದ ಶಾಲೆಗಳು ಬೆಳೆದದ್ದಕ್ಕೆ ಪಾದ್ರಿಗಳ ಮನಸ್ಸು ಬದಲಾಯಿತು ಎಂಬುದಕ್ಕಿಂತ ಈ ಲೆಕ್ಕವೇ ಹೆಚ್ಚು ಕಾರಣ.

ಮತ ಬಿಡಬೇಕಾಗುತ್ತದೆಯೇ ಎಂದು ಕೇಳಿದ್ದೀರಿ. ಈಗಿನ ಶಾಲೆಗಳ ಮಟ್ಟಿಗೆ ಕಾನೂನು ಸ್ಪಷ್ಟವಾಗಿದೆ. ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಯಾವ ಶಾಲೆಯೂ ಮಗುವನ್ನು ಅದರ ಪಾಲಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ, ಪೂಜೆಗೆ ಕೂಡಿಸುವಂತಿಲ್ಲ. ಸಂವಿಧಾನದ 28(3)ನೇ ವಿಧಿ ಹಾಗೆ ಹೇಳುತ್ತದೆ. ಮಕ್ಕಳ ಹಕ್ಕುಗಳ ರಕ್ಷಣೆಯ ರಾಷ್ಟ್ರೀಯ ಆಯೋಗ 2021ರಲ್ಲಿ ಅಲ್ಪಸಂಖ್ಯಾತ ಶಾಲೆಗಳ ಬಗ್ಗೆ ಒಂದು ವರದಿ ಹೊರತಂದಿತು. ಅದರ ಪ್ರಕಾರ ದೇಶದ ಕ್ರೈಸ್ತ ಶಾಲೆಗಳಲ್ಲಿ ಓದುವವರಲ್ಲಿ ಶೇಕಡಾ 74 ಮಂದಿ ಕ್ರೈಸ್ತರಲ್ಲ. ಅಷ್ಟು ಮಕ್ಕಳು ಮತ ಬಿಟ್ಟಿದ್ದರೆ ನಮ್ಮ ಊರುಗಳ ಚಹರೆಯೇ ಬೇರೆಯಾಗಿರುತ್ತಿತ್ತು. ಆದರೆ ಅದೇ ವರದಿಯ ಇನ್ನೊಂದು ಅಂಕಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಅಲ್ಪಸಂಖ್ಯಾತ ಶಾಲೆಗಳ ವಿದ್ಯಾರ್ಥಿಗಳಲ್ಲಿ ಸಾಮಾಜಿಕವಾಗಿ, ಆರ್ಥಿಕವಾಗಿ ಹಿಂದುಳಿದ ಮನೆಗಳಿಂದ ಬಂದವರು ಶೇಕಡಾ 8.76 ಮಾತ್ರ. ಮತಾಂತರದ ಗದ್ದಲದಲ್ಲಿ ಈ ಎರಡನೆಯ ಅಂಕಿಯನ್ನು ಯಾರೂ ಓದಲಿಲ್ಲ. ಚರ್ಚಿನವರಿಗೆ ನಿಜವಾಗಿ ಚುಚ್ಚಬೇಕಾದದ್ದು ಅದೇ.

ಬಡತನದ ಮಾತಿಗೆ ಬಂದರೆ, ನಿಮ್ಮ ಮೂರು ಊರುಗಳಲ್ಲಿ ಮಗುವನ್ನು ಶಾಲೆಯಿಂದ ಎಳೆಯುವುದು ಫೀ ಅಲ್ಲವೇ ಅಲ್ಲ. ಸರಕಾರಿ ಶಾಲೆಯಲ್ಲಿ ಫೀ ಎಲ್ಲಿದೆ? ಎಳೆಯುವುದು ಹೊತ್ತು. ಬ್ಯಾಡಗಿಯ ಮಾರುಕಟ್ಟೆಗೆ ಸೋಮವಾರ, ಗುರುವಾರ ಮೆಣಸಿನಕಾಯಿ ಚೀಲಗಳು ಬಂದು ಬೀಳುವ ಸುಗ್ಗಿ ಜನವರಿಯಿಂದ ಬೇಸಗೆಯವರೆಗೆ. ಮಕ್ಕಳ ಪರೀಕ್ಷೆಯೂ ಅದೇ ಹೊತ್ತಿಗೆ. ಗೋದಾಮಿನ ಅಂಗಳದಲ್ಲಿ ಕೆಂಪು ರಾಶಿಯ ಸುತ್ತ ಹೆಣ್ಣುಮಕ್ಕಳು ಮುಖಕ್ಕೆ ಸೆರಗು ಬಿಗಿದುಕೊಂಡು ತೊಟ್ಟು ಬಿಡಿಸುತ್ತಾರೆ. ಕಿಲೋ ಲೆಕ್ಕದ ಕೂಲಿ. ಸಂಜೆಗೆ ಕೈ ಉರಿ ಎಷ್ಟೆಂದರೆ ಕೂಸನ್ನು ಎತ್ತಿಕೊಳ್ಳಲಾಗದು. ಹಾಗಾಗಿ ಕೂಸನ್ನು ನೋಡಿಕೊಳ್ಳಲು ದೊಡ್ಡ ಹುಡುಗಿ ಮನೆಯಲ್ಲಿ ನಿಲ್ಲಬೇಕು, ಇಲ್ಲವೇ ಆ ಘಾಟಿನಲ್ಲೇ ಸೀನುತ್ತ ಪಕ್ಕದಲ್ಲಿ ಕೂರಬೇಕು.

ರಾಣೆಬೆನ್ನೂರಿನದು ಬೀಜದ ವ್ಯವಹಾರ. ನಿಮಗೆ ನಾನು ಹೇಳಬೇಕಿಲ್ಲ. ಧಾರವಾಡದಲ್ಲಿ ಬಿ.ಎಚ್. ಕಟರಕಿಯವರು 1972ರಲ್ಲಿ ವರಲಕ್ಷ್ಮಿ ಹತ್ತಿಯನ್ನು ಕೊಟ್ಟ ಮೇಲೆ ಹೈಬ್ರಿಡ್ ಬೀಜ ತೆಗೆಯುವುದೇ ಒಂದು ದಗದವಾಯಿತು. ನಾಳೆ ಅರಳುವ ಮೊಗ್ಗನ್ನು ಇಂದು ಸಂಜೆ ಗುರುತಿಸಿ, ಎಸಳು ಕಿತ್ತು, ಒಳಗಿನ ಗಂಡು ಕೇಸರಗಳನ್ನು ಉಗುರಿನಿಂದ ಕೆರೆದು ತೆಗೆಯಬೇಕು, ಶಲಾಕೆಗೆ ಪೆಟ್ಟಾಗಬಾರದು. ಮರುದಿನ ಬೆಳಿಗ್ಗೆ ಗಂಡು ಹೂವು ತಂದು ಅದಕ್ಕೆ ಒರೆಸಬೇಕು. ಇದಕ್ಕೆ ಊರಲ್ಲಿ ಹೇಳುವುದು ಕ್ರಾಸಿಂಗ್. ಹೂ ಬಿಡುವಷ್ಟು ದಿನವೂ ಇದು ನಡೆಯಬೇಕು, ಹೂವಿಗೆ ರವಿವಾರದ ಸೂಟಿ ಇಲ್ಲ. ಎಳೆಯ ಬೆರಳು ಇದಕ್ಕೆ ಚೆನ್ನ ಎಂಬ ಮಾತಿನ ಮೇಲೆ ಎಷ್ಟೋ ಹುಡುಗಿಯರ ಆರನೇ, ಏಳನೇ ಇಯತ್ತೆ ಹೊಲದಲ್ಲೇ ಮುಗಿದಿದೆ. ಅಂಥ ಹುಡುಗಿಗೆ ಊರಿನಲ್ಲಿ ಎಷ್ಟು ಒಳ್ಳೆಯ ಶಾಲೆ ಇದ್ದರೂ ಅದು ಅವಳ ಕೈಗೆ ಎಟುಕುವುದಿಲ್ಲ. ಅವಳನ್ನು ಆ ಹೊತ್ತಿನಿಂದ ಎತ್ತಿ ಬೇರೆ ಕಡೆ ಇಟ್ಟು ಉಣ್ಣಿಸುವ ಶಾಲೆ ಬೇಕು. ಬರದ ಕಾಲದ ಪಾದ್ರಿಗಳಿಗೆ ತಿಳಿದಿದ್ದದ್ದು ಇದು.

ಅವರಿಗೆ ಮಾತ್ರ ತಿಳಿದಿತ್ತು ಎಂದರೆ ನಿಮ್ಮ ನೆಲಕ್ಕೇ ಅನ್ಯಾಯವಾದೀತು. ಹಾನಗಲ್ಲ ಕುಮಾರಸ್ವಾಮಿಗಳು ಹುಟ್ಟಿದ್ದು ನಿಮ್ಮದೇ ತಾಲ್ಲೂಕಿನ ಜೋಯಿಸರಹರಳಹಳ್ಳಿಯಲ್ಲಿ, 1867ರಲ್ಲಿ. 1904ರಲ್ಲಿ ವೀರಶೈವ ಮಹಾಸಭೆ, 1909ರಲ್ಲಿ ಶಿವಯೋಗಮಂದಿರ ಅವರಿಂದಾದವು. ಕಾಡಶೆಟ್ಟಿಹಳ್ಳಿಯ ಇಬ್ಬರು ಕುರುಡು ಅಣ್ಣತಮ್ಮಂದಿರನ್ನು ಕರೆದೊಯ್ದು ಸಂಗೀತ ಕಲಿಸಲು ಇಟ್ಟವರೂ ಅವರೇ. ಅವರಲ್ಲೊಬ್ಬರು ಪಂಚಾಕ್ಷರಿ ಗವಾಯಿಗಳಾದರು. ಅವರ ಕೈಯಲ್ಲಿ ದೇವಗಿರಿಯ ಪುಟ್ಟರಾಜರು ಬೆಳೆದರು. ಗದುಗಿನ ವೀರೇಶ್ವರ ಪುಣ್ಯಾಶ್ರಮ ಇಂದಿಗೂ ಅಂಧ, ಅನಾಥ ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಒಟ್ಟಿಗೇ ಕೊಡುತ್ತಿದೆ. ಧಾರವಾಡದ ಮುರುಘಾಮಠದ ಮೃತ್ಯುಂಜಯ ಅಪ್ಪಗಳ ಉಚಿತ ಪ್ರಸಾದ ನಿಲಯದ ಮಾತು ಉತ್ತರ ಕರ್ನಾಟಕದಲ್ಲಿ ಯಾರಿಗೆ ಗೊತ್ತಿಲ್ಲ? ಮಿಷನ್‌ನವರನ್ನು ನೋಡಿ ಮಠಗಳು ಎಚ್ಚೆತ್ತವು ಎಂದು ಕೆಲವರು ಬರೆಯುತ್ತಾರೆ. ಪೈಪೋಟಿಯೂ ಇದ್ದೀತು. ಆದರೆ ಜೋಳಿಗೆ ಹಿಡಿದು ಕಾಳು ಕೂಡಿಸಿ ಮಕ್ಕಳನ್ನು ಉಣ್ಣಿಸುವುದನ್ನು ಮಠಗಳಿಗೆ ಬಾಸೆಲ್‌ನಿಂದ ಬಂದು ಯಾರೂ ಕಲಿಸಬೇಕಿರಲಿಲ್ಲ. ಕಲಿತದ್ದೇನಾದರೂ ಇದ್ದರೆ ಹಾಜರಿ ಪುಸ್ತಕ, ಗಂಟೆ, ಪರೀಕ್ಷೆ.

ಇನ್ನು ಆ ಹುಡುಗಿಯ ಮಾತು. ನಿಮ್ಮೂರಿನ ಅನುದಾನರಹಿತ ಕ್ರೈಸ್ತ ಶಾಲೆಯಲ್ಲಿ ಅವಳಿಗೆ ಕಾನೂನಿನ ಪ್ರಕಾರ ಸೀಟು ಕೇಳಲು ಬರುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಶೇಕಡಾ 25ರ ಸೀಟುಗಳಿಂದ ಅಲ್ಪಸಂಖ್ಯಾತ ಶಾಲೆಗಳಿಗೆ ವಿನಾಯಿತಿ ಇದೆ; ಸುಪ್ರೀಂ ಕೋರ್ಟಿನ 2014ರ ಪ್ರಮತಿ ತೀರ್ಪು ಅದನ್ನು ಗಟ್ಟಿ ಮಾಡಿತು. 2025ರ ಸೆಪ್ಟೆಂಬರ್ 1ರಂದು ಅದೇ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಬಗ್ಗೆ ಸಂಶಯ ಎತ್ತಿ, ಮರುವಿಚಾರಣೆಯ ಪ್ರಶ್ನೆಯನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ಬೇರೆ ಖಾಸಗಿ ಶಾಲೆಗಳಲ್ಲೂ ಅವಳಿಗೆ ಈಗ ದಾರಿಯಿಲ್ಲ. ಆ ಸೀಟು ಕೊಡುವುದು ಒಂದನೇ ಇಯತ್ತೆ ಅಥವಾ ಅದಕ್ಕಿಂತ ಕೆಳಗಿನ ತರಗತಿಗೆ, ಜೊತೆಗೆ ನೆರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದಲ್ಲಿ ಕರ್ನಾಟಕ 2019ರಿಂದ ಕೊಡುತ್ತಲೂ ಇಲ್ಲ. ಕನ್ಯಾಸ್ತ್ರೀಯರು ನಡೆಸುವ ಹಾಸ್ಟೆಲು ಎಲ್ಲಾದರೂ ಸಿಕ್ಕರೆ ಕೇಳಿ ನೋಡಿ; ಅದಕ್ಕೆ ನೋಂದಣಿ ಇದೆಯೇ ಎಂದು ವಿಚಾರಿಸಿ, ತಾಯಿಗೆ ಬೇಕಾದಾಗ ಬಂದು ಮಗಳನ್ನು ನೋಡಲು ಬಿಡುತ್ತಾರೆಯೇ ಎಂದೂ ಕೇಳಿ. ಮಠದ ಹಾಸ್ಟೆಲಿಗೂ ಇದೇ ಮಾತು.

ಆದರೆ ಅವಳಿಗೆ ಹತ್ತಿರದ ದಾರಿ ಬೇರೆಯಿದೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ ವಸತಿ ಶಾಲೆಗಳು ಮಕ್ಕಳನ್ನು ತೆಗೆದುಕೊಳ್ಳುವುದು ಆರನೇ ಇಯತ್ತೆಗೆ. ಊಟ, ವಸತಿ, ಪುಸ್ತಕ, ಸಮವಸ್ತ್ರ ಸರಕಾರದ್ದು. ಐದರಲ್ಲಿ ಓದುತ್ತಿರುವಾಗಲೇ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಬೇಕು, ಅಂದರೆ ಅವಳಿಗೆ ಇದೇ ವರ್ಷ. ಅನಾಥರು, ದೇವದಾಸಿಯರ ಮಕ್ಕಳು, ಪೌರಕಾರ್ಮಿಕರ ಮಕ್ಕಳಂಥವರಿಗೆ ಪ್ರತ್ಯೇಕ ಅವಕಾಶವೂ ಇದೆ. ಪರೀಕ್ಷೆಯಲ್ಲಿ ಸಿಗದಿದ್ದರೆ ಹಿಂದುಳಿದ ವರ್ಗಗಳ (ಬಿಸಿಎಂ) ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿನಲ್ಲಿದ್ದು ಸರಕಾರಿ ಶಾಲೆಗೆ ಹೋಗಬಹುದು. ಅರ್ಜಿಗೆ ಅವಳ ಸ್ಯಾಟ್ಸ್ ನಂಬರು, ಅಂದರೆ ಶಾಲಾ ದಾಖಲೆಯ ಗುರುತಿನ ಸಂಖ್ಯೆ ಬೇಕು, ಅದು ಅವಳ ಶಾಲೆಯ ಗುರುಗಳ ಬಳಿ ಇರುತ್ತದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರೂ ಬೇಕು. ಕೆಲವು ಮಕ್ಕಳು ಸೋಲುವುದು ಪರೀಕ್ಷೆಯಲ್ಲಲ್ಲ, ಈ ಕಾಗದಗಳು ಹೊತ್ತಿಗೆ ಸಿಗದೆ. ನಾಡಕಚೇರಿಗೆ ಒಂದಲ್ಲ, ಎರಡು ಮೂರು ಸಲ ಅಲೆಯಬೇಕಾದೀತು. ಅವಳ ತಾಯಿ ಹೋಗಿಬರಲಿ. ಆ ದಿನಗಳ ಕೂಲಿಯನ್ನು ನೀವು ಮುರಿಯಬೇಡಿ.